ಇಳಿಯುವ ಫ್ರೇಮು

ಕಳೆದ ತಿಂಗಳು ನಮ್ಮ ಕಾರ್ಖಾನೆಯಲ್ಲಿ ಒಬ್ಬರು ನಿವೃತ್ತರಾದರು. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಎದುರಿಗೆ ಅವರು ಬರುವುದು ಕಂಡರೆ ಫೋನು ಕಿವಿಗಿಟ್ಟು ಪಕ್ಕಕ್ಕೆ ಸರಿಯುತ್ತಿದ್ದ ಮ್ಯಾನೇಜರು ಅವತ್ತು ಮೈಕು ಹಿಡಿದು, ಇವರು ನಮ್ಮ ಗುಣಮಟ್ಟದ ಬೆನ್ನೆಲುಬು ಎಂದರು. ಆ ಬೆನ್ನೆಲುಬನ್ನು ಎರಡು ಸಲ ಸ್ಟೋರ್ಸ್ ವಿಭಾಗಕ್ಕೆ ಸಾಗಹಾಕಿ ಬಗ್ಗುತ್ತದೋ ಎಂದು ನೋಡಿದ್ದೂ ಇದೇ ಮ್ಯಾನೇಜರು. ಅದು ಬಗ್ಗಿರಲಿಲ್ಲ. ಕೊನೆಗೆ ನೀವೂ ಎರಡು ಮಾತಾಡಿ ಎಂದು ಒತ್ತಾಯ ಮಾಡಿದಾಗ ಅವರು ಎದ್ದು ನಿಂತು, "ಎಲ್ಲಾರೂ ಚೆನ್ನಾಗಿ ಮಾತಾಡಿದ್ರಿ. ಇದರಲ್ಲಿ ಅರ್ಧ ನಿಜ ಇದ್ದಿದ್ರೂ ನಾನು ಅಷ್ಟೊಂದು ಮಾಲು ರಿಜೆಕ್ಟ್ ಮಾಡ್ಬೇಕಾಗಿರ್ಲಿಲ್ಲ" ಎಂದು ಹೇಳಿ ಕೂತರು. ಭಾಷಣ ಅಷ್ಟೇ. ಚಪ್ಪಾಳೆ ಹೊಡೆಯಬೇಕೋ ಬೇಡವೋ ಎಂದು ಜನ ಮ್ಯಾನೇಜರ ಮುಖ ನೋಡಿದರು.

ಮಾಲೂರಿನ ಕೈಗಾರಿಕಾ ಪ್ರದೇಶದಲ್ಲಿರುವ ನಮ್ಮ ಕಾರ್ಖಾನೆಯಲ್ಲಿ ವಾಹನಗಳ ಸೀಟಿನ ಕೆಳಗೆ ಕೂರುವ ಕೊಳವೆಯ ಚೌಕಟ್ಟುಗಳನ್ನು ಬೆಸೆಯುತ್ತೇವೆ. ನಾನು ವೆಲ್ಡರ್. ಅವರು ಇನ್‌ಸ್ಪೆಕ್ಟರ್. ನಾವು ಬೆಸೆದದ್ದನ್ನು ಅವರು ನೋಡಬೇಕು, ಸರಿಯಿದ್ದರೆ ಮುಂದಕ್ಕೆ ಬಿಡಬೇಕು. ಶರ್ಟಿನ ಜೇಬಿನಲ್ಲಿ ಒಂದು ಭೂತಗನ್ನಡಿ, ಒಂದು ಕೆಂಪು ಪೇಂಟ್ ಪೆನ್ನು. ಭೂತಗನ್ನಡಿ ಹೊರಗೆ ಬಂದರೆ ಪೆನ್ನೂ ಹೊರಗೆ ಬರುತ್ತದೆ ಎಂದು ನಮ್ಮ ನಂಬಿಕೆ. ತಪ್ಪು ಕಂಡ ಕಡೆ ಅಡ್ಡಡ್ಡ ಎರಡು ಗೆರೆ ಎಳೆದು ಪಕ್ಕಕ್ಕಿಡುತ್ತಿದ್ದರು. ಬೈಯುತ್ತಿರಲಿಲ್ಲ. ಬೈದಿದ್ದರೆ ವಾಸಿ ಇತ್ತು. "ಯಾರಪ್ಪಾ ಇದು ಮಾಡಿದ್ದು? ಕೈ ತೊಳ್ಕೊಂಡು ಮಾಡಿದ್ದಾ, ಊಟ ಮಾಡ್ತಾ ಮಾಡಿದ್ದಾ?" ಎಂದು ನಿಜವಾಗಿಯೂ ತಿಳಿದುಕೊಳ್ಳಬೇಕು ಎನ್ನುವವರ ಹಾಗೆ ಕೇಳುತ್ತಿದ್ದರು.

ಮುಳಬಾಗಿಲಿನ ಆಚೆ, ಆಂಧ್ರದ ಗಡಿಗೆ ಅಂಟಿಕೊಂಡ ಹಳ್ಳಿಯವರು. ಅಲ್ಲಿಂದ ಕೋಲಾರಕ್ಕೊಂದು ಬಸ್ಸು, ಕೋಲಾರದಿಂದ ಮಾಲೂರಿಗೆ ಇನ್ನೊಂದು. ಇಷ್ಟು ವರ್ಷದಲ್ಲಿ ಒಂದು ದಿನವೂ ತಡವಾಗಿ ಬರಲಿಲ್ಲ. ಮಾಲೂರಿನ ಸುತ್ತಮುತ್ತಲೇ ಮನೆ ಇದ್ದ ನಾವು ದಿನಾ ತಡವಾಗುತ್ತಿದ್ದೆವು. ಅವರ ಮಾತು ಕನ್ನಡದಲ್ಲಿ ಹೊರಟು ತೆಲುಗಿನಲ್ಲಿ ಇಳಿಯುತ್ತಿತ್ತು.

ಅವರ ಕೆಂಪು ಗೆರೆಗಳ ಬಗ್ಗೆ ಕಾರ್ಖಾನೆಯಲ್ಲಿ ಯಾರನ್ನು ಕೇಳಿದರೂ ಹೇಳುತ್ತಾರೆ. ನಾನು ಹೇಳಬೇಕಾದದ್ದು ಒಂದು ಸೈಕಲ್ ಫ್ರೇಮಿನ ವಿಷಯ. ಅದು ಕಂಪನಿಯ ಮಾಲಲ್ಲ. ನನ್ನ ಮಾಲು.

ಇಪ್ಪತ್ತೆಂಟನೇ ವಯಸ್ಸಿನಲ್ಲಿ ನನಗೆ ಸೈಕಲ್ ಹಾರಿಸುವ ಹುಚ್ಚು ಹಿಡಿಯಿತು. ನಮ್ಮ ಲಕ್ಕೂರಿನಲ್ಲಿ ಆ ವಯಸ್ಸಿಗೆ ಗಂಡಸರಿಗೆ ಮದುವೆ ಆಗಿರುತ್ತದೆ, ಇಲ್ಲವೇ ಪಂಚಾಯಿತಿ ಚುನಾವಣೆಗೆ ನಿಂತಿರುತ್ತಾರೆ. ನಾನು ಫೋನಿನಲ್ಲಿ ವಿಡಿಯೋ ನೋಡುತ್ತಿದ್ದೆ. ಯಾವುದೋ ದೇಶದ ಹುಡುಗರು ಮಣ್ಣಿನ ದಿಬ್ಬ ಹತ್ತಿ ಗಾಳಿಯಲ್ಲಿ ತೇಲಿ ಮತ್ತೊಂದು ದಿಬ್ಬದ ಮೇಲೆ ಇಳಿಯುತ್ತಿದ್ದರು. ಮಾಲೂರಿನ ಸುತ್ತ ಇಟ್ಟಿಗೆ ಗೂಡಿನವರು ಮಣ್ಣು ಬಗೆದು ಬಿಟ್ಟುಹೋದ ಗುಂಡಿಗಳಿಗೆ ಬರವೇನಿಲ್ಲ. ನಾನು, ನನ್ನ ಗೆಳೆಯ ಎಲೆಕ್ಟ್ರಿಷಿಯನ್ ಶಂಕರ, ಅಂಥ ಒಂದು ಗುಂಡಿಯಲ್ಲಿ ನಾಲ್ಕು ಭಾನುವಾರ ಸನಿಕೆ ಹಿಡಿದು ಎರಡು ದಿಬ್ಬ ಕಟ್ಟಿದೆವು. ಅಪ್ಪ ಒಮ್ಮೆ ಬಂದು ನೋಡಿ, "ಇದೇ ಸನಿಕೆ ನಮ್ಮ ಹೊಲದಲ್ಲಿ ಹಿಡಿಯೋಕೆ ಸೊಂಟನೋವು ಅಂದಿದ್ದೆ" ಎಂದು ಹೇಳಿ ಹೋದರು.

ಆಗ ನನ್ನ ಹತ್ತಿರ ಇದ್ದದ್ದು ಅಂಗಡಿಯಲ್ಲಿ ಕೊಂಡ ಗೇರ್ ಸೈಕಲ್. ಅದರ ಮೇಲೆ ಮೌಂಟನ್ ಎಂದು ದಪ್ಪಕ್ಷರದಲ್ಲಿ ಬರೆದಿತ್ತು. ಬೆಟ್ಟದ ಮಾತು ಹಾಗಿರಲಿ, ನನ್ನೆದೆಯೆತ್ತರದ ದಿಬ್ಬಕ್ಕೇ ಅದರ ಮುಂದಿನ ಚಕ್ರ ಹಿಡಿಯುವ ಫೋರ್ಕು ಬಾಗಿಹೋಯಿತು. ನೆಟ್ಟಗೆ ಮಾಡಿಸೋಣ ಎಂದು ಊಟದ ಹೊತ್ತಿನಲ್ಲಿ ಕಾರ್ಖಾನೆಯ ಒಳಗೆ ತಂದೆ. ಅಲ್ಲಿ ಅವರು ಚಿತ್ರಾನ್ನದ ಡಬ್ಬಿ ಬಿಚ್ಚುತ್ತಾ ಕೂತಿದ್ದರು.

"ಏಮಪ್ಪಾ, ಎಮ್ಮೆ ಏನಾದ್ರೂ ಕೂತಿತ್ತಾ ಇದರ ಮೇಲೆ?"

"ಇಲ್ಲ ಸಾರ್. ಎಗರಿಸಿದ್ದು."

"ಯಾಕೆ?"

ಸುಮ್ಮನೆ ಫೋನು ತೆಗೆದು ವಿಡಿಯೋ ತೋರಿಸಿದೆ. ಒಂದು ಕೈಯಲ್ಲಿ ತುತ್ತು ಹಿಡಿದುಕೊಂಡೇ ಮೂರು ಸಲ ನೋಡಿದರು. ನಾಲ್ಕನೇ ಸಲ ನಿಲ್ಲಿಸಿ ನಿಲ್ಲಿಸಿ ನೋಡಿದರು. ಅವರು ಹಾರಾಟ ನೋಡುತ್ತಿಲ್ಲ, ಇಳಿಯುವುದನ್ನು ಮಾತ್ರ ನೋಡುತ್ತಿದ್ದಾರೆ ಎಂದು ನನಗೆ ಗೊತ್ತಾಯಿತು.

"ಈ ಸೈಕಲ್ಲಿಗೆ ಮೌಂಟನ್ ಅಂತ ಹೆಸರಿಟ್ಟೋನು ಬೆಟ್ಟ ನೋಡಿಲ್ಲ. ತಗೊಂಡೋನು ಸೈಕಲ್ಲೇ ನೋಡಿಲ್ಲ" ಎಂದು ಫೋನು ವಾಪಸು ಕೊಟ್ಟರು. "ಇದನ್ನ ನೆಟ್ಟಗೆ ಮಾಡ್ಬೇಡ. ನೆಟ್ಟಗಾದ್ರೆ ಮತ್ತೆ ಎಗರಿಸ್ತೀಯ."

ಹೊಸ ಫ್ರೇಮು ಬೇಕು ಎಂದು ನಾನೂ ಆಗಲೇ ತೀರ್ಮಾನಿಸಿದ್ದೆ. ಒಂದು ವಾರ ಫೋನಿನಲ್ಲಿ ಓದಿ ಪಟ್ಟಿ ಮಾಡಿದೆ. ಪಟ್ಟಿಯಲ್ಲಿ ಮೊದಲು ಬಣ್ಣ ಇತ್ತು. ಆಮೇಲೆ ಹಿಂದೆ ಮುಂದೆ ಎರಡು ಕಡೆ ಸ್ಪ್ರಿಂಗು, ಇಪ್ಪತ್ತೊಂದು ಗೇರು, ನನ್ನ ಎತ್ತರಕ್ಕೆ ತಕ್ಕಂತೆ ದೊಡ್ಡ ಸೈಜು. ಜ್ಞಾನ ಪ್ರದರ್ಶನಕ್ಕೆಂದು ಅದನ್ನು ಅವರಿಗೆ ತೋರಿಸಿದೆ.

"ಇದೇನು, ಪ್ಯಾಂಟು ಹೊಲಿಸ್ತಿದೀಯಾ ಎತ್ತರ ನೋಡಿ ತಗೊಳ್ಳೋಕೆ?"

"ಅಂಗಡಿಯವರು ಹಂಗೇ ಹೇಳ್ತಾರೆ ಸಾರ್."

"ಎಗರಿದ ಮೇಲೆ ಇಳೀತೀಯಾ, ಅಲ್ಲೇ ಇರ್ತೀಯಾ?"

"ಇಳೀಲೇಬೇಕಲ್ಲ ಸಾರ್."

"ಸರ್ಲೇ. ಹಂಗಾದ್ರೆ ಎಗರೋ ಫ್ರೇಮು ಹುಡುಕ್ಬೇಡ. ಇಳಿಯೋ ಫ್ರೇಮು ಹುಡುಕು."

ಮುಂದಿನ ಭಾನುವಾರ ಯಾರೂ ಕರೆಯದೆ ಎರಡು ಬಸ್ಸು ಹಿಡಿದು ಅವರು ನಮ್ಮ ಗುಂಡಿಗೆ ಬಂದರು. ಇಸ್ತ್ರಿ ಮಾಡಿದ ಬಿಳಿ ಶರ್ಟು, ಕೊಡೆ, ಊಟದ ಡಬ್ಬಿ. ಒಡೆದ ಇಟ್ಟಿಗೆಗಳ ರಾಶಿಯ ಮೇಲೆ ಕರವಸ್ತ್ರ ಹಾಸಿ ಮದುವೆ ಮನೆಗೆ ಬಂದ ಹಿರಿಯರ ಹಾಗೆ ಕೂತರು. ಶಂಕರ ತನ್ನ ತಮ್ಮನ ಪುಟ್ಟ ಸೈಕಲ್ ತಂದಿದ್ದ. ನಾನು ಎರವಲು ತಂದ ದೊಡ್ಡ ಸೈಕಲ್ಲಿನಲ್ಲಿ ಹಾರಿದೆ. ಇಳಿಯುವಾಗ ನಡುಕಂಬಿ ಬಂದು ತೊಡೆಸಂದಿಗೆ ಬಡಿಯಿತು. ನಾನು ನೆಲದ ಮೇಲೆ ಮುದುಡಿಕೊಂಡಿದ್ದಾಗ ಅವರು ಎದ್ದು ಬಂದು, ಟೇಪು ತೆಗೆದು ಆ ಕಂಬಿಯ ಎತ್ತರ ಅಳೆದರು.

"ನೋವಾಯ್ತಾ?"

ಹೂಂ ಎಂದು ತಲೆ ಆಡಿಸಿದೆ.

"ಮಂಚಿದಿ, ಒಳ್ಳೇದೇ ಆಯ್ತು. ಈಗ ಸೈಜು ಗೊತ್ತಾಯ್ತಲ್ಲ."

ಆವತ್ತು ಬಿಸಿಲಲ್ಲಿ ಕೂತು ಅವರು ನನಗೆ ಫ್ರೇಮಿನ ಪಾಠ ಮಾಡಿದರು. ಅವರಿಗೆ ಈ ಆಟದ ಒಂದು ಹೆಸರೂ ಗೊತ್ತಿರಲಿಲ್ಲ. ಸೈಕಲ್ಲನ್ನು ಕೊಳವೆ, ಕೀಲು, ಭಾರ ಎಂದಷ್ಟೇ ನೋಡುತ್ತಿದ್ದರು. ಫ್ರೇಮು ಚಿಕ್ಕದಿರಬೇಕು, ನಡುಕಂಬಿ ತಗ್ಗಿರಬೇಕು, ಗಾಳಿಯಲ್ಲಿ ಮೈ ಹಿಂದೆ ಮುಂದೆ ಆಡಿಸಲು ಜಾಗ ಬೇಕು. ಹಿಂದಿನ ಚಕ್ರ ಪೆಡಲಿಗೆ ಹತ್ತಿರ ಇರಬೇಕು, ದೂರ ಇದ್ದರೆ ಮುಂದಿನ ಚಕ್ರ ಮೇಲೆ ಏಳುವುದಿಲ್ಲ. "ಹಿಂದೆ ಸ್ಪ್ರಿಂಗ್ ಯಾಕೆ? ನೀನು ನೆಲ ಒದ್ದು ಮೇಲೇಳ್ಬೇಕು. ಆ ಒದೆ ಎಲ್ಲಾ ಸ್ಪ್ರಿಂಗೇ ನುಂಗ್ಬಿಟ್ರೆ ನಿನಗೇನು ಉಳೀತದೆ? ಮುಂದೆ ಒಂದು ಇದ್ರೆ ಸಾಕು, ಅದೂ ಗಟ್ಟಿದು. ಗೇರು ಒಂದೇ ಇರ್ಲಿ. ಚೈನು ಸಡಿಲ ಆದ್ರೆ ಚಕ್ರನೇ ಹಿಂದಕ್ಕೆ ಜಾರಿಸಿ ಬಿಗಿ ಮಾಡೋ ಹಂಗೆ ಹಿಂದೆ ಉದ್ದ ಸೀಳು ಇರ್ಬೇಕು." ಕೋಲಾರದಲ್ಲಿ ಯಾರೋ ಕಟ್ಟಿ ಮುಗಿಸಿ ಬಾಗಿಲು ತೆರೆಯದೆ ಬಿಟ್ಟ ಒಂದು ಅಂಗಡಿ ಕಟ್ಟಡದ ಮೆಟ್ಟಿಲು, ಕಟ್ಟೆಗಳ ಮೇಲೂ ಸೈಕಲ್ ಹತ್ತಿಸಿ ಇಳಿಸುತ್ತೇವೆ ಎಂದು ಶಂಕರ ಹೆಮ್ಮೆಯಿಂದ ಹೇಳಿದ. "ಒಳ್ಳೇದು. ಆ ಕಟ್ಟಡ ಯಾರಿಗಾದ್ರೂ ಉಪಯೋಗಕ್ಕೆ ಬಂತಲ್ಲ" ಎಂದರು. "ಮಣ್ಣು ಸ್ವಲ್ಪ ಕ್ಷಮಿಸ್ತದೆ. ಸಿಮೆಂಟು ಕ್ಷಮಿಸಲ್ಲ. ಅದಕ್ಕೇ ಉಕ್ಕು ತಗೋ."

"ಅಲ್ಯೂಮಿನಿಯಂ ಹಗುರ ಇರುತ್ತೆ ಸಾರ್. ಒಳ್ಳೊಳ್ಳೆ ಸವಾರರೂ ಅದನ್ನೇ ಓಡಿಸ್ತಾರೆ."

"ಹೊಸದು ತಗೊಂಡ್ರೆ ನಾನೇನೂ ಬೇಡ ಅನ್ನಲ್ಲ. ಯಾರೋ ಓಡಿಸಿ ಬಿಟ್ಟಿದ್ದು ಮಾತ್ರ ಬೇಡ. ಉಕ್ಕು ನಮ್ಮನೆಯವಳ ಥರ. ಮುರಿಯೋ ಮುಂಚೆ ನಾಲ್ಕು ದಿನ ಕಿರಿಕಿರಿ ಮಾಡಿ, ಬಾಗಿ ತೋರ್ಸಿ, ನಿನಗೆ ಗೊತ್ತಾಗೋ ಹಂಗೆ ಮುರೀತದೆ. ಅಲ್ಯೂಮಿನಿಯಂ ನಮ್ಮ ಮ್ಯಾನೇಜರ ಥರ. ನಗ್ತಾನೇ ಇರ್ತದೆ."

ಇಷ್ಟೆಲ್ಲ ಕೇಳಿಸಿಕೊಂಡು ನಾನು ಏನು ಮಾಡಿದೆ? ಬೆಂಗಳೂರಿನ ಒಬ್ಬನಿಂದ ಓಡಿಸಿ ಬಿಟ್ಟ ಅಲ್ಯೂಮಿನಿಯಂ ಫ್ರೇಮೇ ಕೊಂಡೆ. ಉಕ್ಕಿನದು ಸಿಕ್ಕಿದ್ದೆಲ್ಲ ಹಂಡೆಯ ತಳದ ಹಾಗೆ ಕಪ್ಪಗಿತ್ತು. ಇದು ನವಿಲು ನೀಲಿ. ಆಕಾರ ಎಲ್ಲ ಅವರು ಹೇಳಿದ ಹಾಗೇ ಇತ್ತು, ಚಿಕ್ಕದು, ತಗ್ಗಿನದು. ಮಾರಿದವನು ಒಂದೇ ತಿಂಗಳು ಓಡಿಸಿದ್ದೇನೆ, ಅದೂ ಅಪಾರ್ಟ್‌ಮೆಂಟಿನ ಒಳಗೆ ಎಂದ. ಮಾಲೂರಿನ ರೈಲಿನಲ್ಲಿ ನಿಂತುಕೊಂಡು ಅದನ್ನು ಮದುಮಗಳ ಹಾಗೆ ತಬ್ಬಿಕೊಂಡು ತಂದೆ. ಕಾರ್ಖಾನೆಗೆ ಒಯ್ದದ್ದು ಅವರ ಬಾಯಿಂದ ಚೆನ್ನಾಗಿದೆ ಎನ್ನಿಸಿಕೊಳ್ಳಲು. ಅಷ್ಟು ವರ್ಷದಲ್ಲಿ ಅವರು ಯಾವುದನ್ನೂ ಚೆನ್ನಾಗಿದೆ ಎಂದದ್ದಿಲ್ಲ ಎಂಬುದು ಆಗ ನೆನಪಾಗಲಿಲ್ಲ.

ಭೂತಗನ್ನಡಿ ಹೊರಗೆ ಬಂತು. ಹಿಂದಿನ ಕೀಲುಗಳನ್ನು ನೋಡಿದರು, ಪೆಡಲಿನ ಹತ್ತಿರ ನೋಡಿದರು. ಮುಂದೆ ಹ್ಯಾಂಡಲ್ ಕೂರುವ ಕೊಳವೆಯ ಕೆಳಭಾಗಕ್ಕೆ ಬಂದಾಗ ನಿಂತರು. ಅಲ್ಲೊಂದು ಹುಲಿಮುಖದ ಸ್ಟಿಕ್ಕರ್ ಇತ್ತು.

"ಈ ಹುಲಿ ಇಲ್ಲೇ ಯಾಕೆ ಕೂತಿದೆ? ಇಷ್ಟು ದೊಡ್ಡ ಫ್ರೇಮಲ್ಲಿ ಕೆಳಗೆ, ಯಾರಿಗೂ ಕಾಣದ ಕಡೆ?"

ಉಗುರಿನಿಂದ ಸ್ಟಿಕ್ಕರ್ ಎಬ್ಬಿಸಿದರು. ಕೆಳಗಿನ ಬಣ್ಣ ಮರಳು ಕಾಗದದಲ್ಲಿ ಉಜ್ಜಿದರು. ಬರೀ ಲೋಹ ಕಂಡ ಮೇಲೆ ಕೆಂಪು ದ್ರವ ಸಿಂಪಡಿಸಿದರು. ಇದು ನಾವು ಕಾರ್ಖಾನೆಯಲ್ಲೂ ಮಾಡುವ ಪರೀಕ್ಷೆ. ಬಿರುಕಿದ್ದರೆ ಆ ಕೆಂಪು ಒಳಗಿಳಿದು ಕೂರುತ್ತದೆ. ಮೇಲಿನದನ್ನು ಒರೆಸಿ ಬಿಳಿ ಪುಡಿ ಸಿಂಪಡಿಸಿದರೆ ಒಳಗಿದ್ದ ಕೆಂಪು ಮೆಲ್ಲಗೆ ಹೊರಗೆ ಬರುತ್ತದೆ. ಕಾಯುವ ಹೊತ್ತಿನಲ್ಲಿ ಅವರು ಊಟ ಮುಗಿಸಿ ಡಬ್ಬಿ ತೊಳೆದರು. ನಾನು ಫ್ರೇಮಿನ ಮುಂದೆ ಕೂತಿದ್ದೆ. ಬಿಳಿಯ ಮೇಲೆ ಮೊದಲು ಏನೂ ಇರಲಿಲ್ಲ. ಆಮೇಲೆ ಕಿರುಬೆರಳಿನ ಉದ್ದಕ್ಕೆ ಒಂದು ಕೆಂಪು ಕೂದಲು ಮೂಡಿತು.

ಅವರು ಬಂದು ಬಗ್ಗಿ ನೋಡಿದರು. ಆ ಹೊತ್ತಿನಲ್ಲಿ ಒಂದು ಕುಹಕ ಬರುತ್ತದೆ ಎಂದು ಕಾದೆ. "ಅಪಾರ್ಟ್‌ಮೆಂಟು ಎಷ್ಟನೇ ಮಹಡಿಯಂತೆ?" ಎಂದಷ್ಟೇ ಕೇಳಿ ಕೈ ತೊಳೆಯಲು ಹೋದರು.

ಮಾರಿದವನಿಗೆ ಫೋನು ಮಾಡಿದೆ. ಮೊದಲ ಸಲ ಎತ್ತಿದ, ವಿಷಯ ಕೇಳಿದ, ಆಮೇಲೆ ಎತ್ತಲಿಲ್ಲ. ಎರಡು ದಿನ ನಾನು ಅವನ ವಂಶವನ್ನೆಲ್ಲ ಬೈದೆ. ಮೂರನೇ ದಿನ ಬೈಯುವುದು ನಿಲ್ಲಿಸಿ, ಅವನು ಮಾಡಿದ್ದನ್ನೇ ಮಾಡಲು ಕೂತೆ. ಉಜ್ಜಿದ ಜಾಗಕ್ಕೆ ನೀಲಿ ಸ್ಪ್ರೇ ಹೊಡೆದೆ. ಅದು ಒಂದು ಛಾಯೆ ಗಾಢವಾಗಿ ಕಂಡಿತು. ಅದರ ಮೇಲೆ ಹೊಸ ಸ್ಟಿಕ್ಕರ್ ಅಂಟಿಸಿದೆ. ಹುಲಿ ಸಿಗಲಿಲ್ಲ, ಹದ್ದು ಸಿಕ್ಕಿತು. ಫೋಟೋ ತೆಗೆದು ಮಾರಾಟಕ್ಕಿದೆ ಎಂದು ಫೋನಿನಲ್ಲಿ ಹಾಕಿದೆ. ಸ್ವಲ್ಪವೇ ಓಡಿಸಿದ್ದು ಎಂದು ಬರೆದೆ. ನಾನು ಓಡಿಸಿಯೇ ಇರಲಿಲ್ಲವಲ್ಲ, ಅದರಲ್ಲಿ ಸುಳ್ಳೇನು ಎಂದು ನನಗೆ ನಾನೇ ಒಳ್ಳೆಯ ವಕೀಲನಾದೆ.

ಶ್ರೀನಿವಾಸಪುರದಿಂದ ಒಬ್ಬ ಕರೆ ಮಾಡಿದ. ನಾಗೇಶ ಎಂದು ಹೆಸರು, ಮಾವಿನ ಮಂಡಿಯಲ್ಲಿ ಕೆಲಸ. ಶನಿವಾರ ಶಿಫ್ಟು ಮುಗಿದ ಮೇಲೆ ನಮ್ಮ ಗೇಟಿನ ಎದುರಿನ ಟೀ ಅಂಗಡಿ ಹತ್ತಿರ ಬರಲು ಹೇಳಿದೆ. ಬಂದ. ನನಗಿಂತ ನಾಲ್ಕೈದು ವರ್ಷ ಚಿಕ್ಕವನು, ತೆಳ್ಳಗಿದ್ದ. ಫ್ರೇಮನ್ನು ಮುಟ್ಟುವ ಮೊದಲು ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಏನಣ್ಣಾ ಇಷ್ಟು ಚೆನ್ನಾಗಿ ಇಟ್ಕೊಂಡಿದೀರ" ಎಂದ.

ಬಸ್ಸಿಗೆ ಹೋಗುವ ಮುಂಚೆ ಅಲ್ಲೇ ಟೀ ಕುಡಿಯುವುದು ನಮ್ಮ ಇನ್‌ಸ್ಪೆಕ್ಟರರ ರೂಢಿ ಎಂಬುದನ್ನು ಅಷ್ಟು ಬುದ್ಧಿವಂತನಾದ ನಾನು ಮರೆತಿದ್ದೆ. ಲೋಟ ಹಿಡಿದುಕೊಂಡು ಪಕ್ಕಕ್ಕೆ ಬಂದು ನಿಂತರು. ಹದ್ದನ್ನು ನೋಡಿದರು. ನನ್ನನ್ನು ನೋಡಿದರು.

"ಹಕ್ಕಿ ಚೆನ್ನಾಗಿದೆ" ಎಂದರು. ಅವರ ಬಾಯಿಂದ ಚೆನ್ನಾಗಿದೆ ಎಂಬ ಮಾತು ನಾನು ಕೇಳಿದ್ದು ಅದೇ ಮೊದಲು. ಆಮೇಲೆ ಅವನ ಕಡೆ ತಿರುಗಿ, "ಯಾವೂರಪ್ಪಾ?" ಎಂದರು.

"ಶ್ರೀನಿವಾಸಪುರದ ಹತ್ರ ಸಾರ್."

"ಮದುವೆ ಆಗಿದೆಯಾ?"

"ನಿಶ್ಚಯ ಆಗಿದೆ ಸಾರ್. ಬರೋ ವೈಶಾಖದಲ್ಲಿ."

"ಹಂಗಾದ್ರೆ ಮುಂದಿನ ಹಲ್ಲು ಬೇಕಾಗ್ತವೆ. ಫೋಟೋಗೆ."

ನಾಗೇಶ ತಮಾಷೆ ಎಂದುಕೊಂಡು ನಕ್ಕ. ಅವರು ನಗದೆ ಟೀ ಮುಗಿಸಿ, ಲೋಟ ಇಟ್ಟು, ನನಗೆ ಮೆಲ್ಲಗೆ ಕೇಳಿದರು. "ನೀನು ಹೇಳ್ತೀಯಾ, ನಾನು ಹೇಳ್ಲಾ?"

ನಾನು ಬಾಯಿ ತೆರೆದೆ. ಅದರಿಂದ ಹೊರಟ ಮಾತು, "ಏನ್ಸಾರ್ ಹೇಳೋದು, ಎಲ್ಲಾ ಸರಿಯಾಗಿದೆಯಲ್ಲ."

ಅವರು ಜೇಬಿನಿಂದ ಪೆನ್ನು ತೆಗೆದು ಹದ್ದಿನ ಮುಖದ ಮೇಲೆ ಅಡ್ಡಡ್ಡ ಎರಡು ಕೆಂಪು ಗೆರೆ ಎಳೆದರು. ಪಕ್ಕದ ಕಿಟಕಿ ಗ್ರಿಲ್ ಮಾಡುವ ಅಂಗಡಿಗೆ ಹೋಗಿ ಕೈಗರಗಸ ತಂದರು. ನಮ್ಮ ಕಾರ್ಖಾನೆಯಲ್ಲಿ ಅದೇ ನಿಯಮ, ಅವರೇ ಹಟ ಹಿಡಿದು ಮಾಡಿಸಿದ್ದು. ಕೆಂಪು ಗೆರೆ ಬಿದ್ದ ಮಾಲನ್ನು ಕತ್ತರಿಸಲೇಬೇಕು, ಇಲ್ಲದಿದ್ದರೆ ಎರಡು ದಿನದಲ್ಲಿ ಅದು ಒಳ್ಳೆಯ ಮಾಲಿನ ಜೊತೆ ಸೇರಿಕೊಂಡು ಹೊರಟುಹೋಗುತ್ತದೆ. ಗರಗಸವನ್ನು ನನ್ನ ಕೈಗೆ ಕೊಟ್ಟರು.

"ಇದು ನನ್ನ ಫ್ರೇಮು ಸಾರ್" ಎಂದೆ.

"ಅದಕ್ಕೇ ನಿನ್ನ ಕೈಗೆ ಕೊಟ್ಟಿದ್ದು."

ಟೀ ಅಂಗಡಿಯವನು, ಶಿಫ್ಟು ಮುಗಿಸಿದ ಏಳೆಂಟು ಜನ, ಎಲ್ಲರೂ ನೋಡುತ್ತಿದ್ದರು. ಗರಗಸ ಎಸೆದು ಹೋಗಬಹುದಿತ್ತು. ಯಾಕೆ ಹೋಗಲಿಲ್ಲವೋ. ಬಹುಶಃ ನಾಗೇಶ ಇನ್ನೂ ಏನೂ ಅರ್ಥವಾಗದೆ, ನನ್ನ ಮೇಲೆ ನಂಬಿಕೆ ಇಟ್ಟುಕೊಂಡೇ ನೋಡುತ್ತಿದ್ದುದರಿಂದ. ಫ್ರೇಮನ್ನು ಕಲ್ಲುಬೆಂಚಿನ ಮೇಲೆ ಅಡ್ಡ ಮಲಗಿಸಿ, ಮಂಡಿಯಿಂದ ಒತ್ತಿ ಹಿಡಿದು ಕೊಯ್ಯತೊಡಗಿದೆ. ಬಿರುಕಿನಿಂದ ಎರಡು ಬೆರಳು ಹಿಂದೆ ಗರಗಸ ಇಟ್ಟಿದ್ದೆ. ಇನ್ನೂ ಅರ್ಧಕ್ಕೂ ಬಂದಿರಲಿಲ್ಲ, ನನ್ನ ಮಂಡಿಯ ಭಾರಕ್ಕೇ ಕೊಳವೆ ಟಕ್ ಎಂದು ಬಾಯಿಬಿಟ್ಟಿತು. ನಾನು ಕೊಯ್ಯುತ್ತಿದ್ದ ಕಡೆಯಲ್ಲ. ಹದ್ದಿನ ಕೆಳಗೆ.

ನಾಗೇಶ ಬಗ್ಗಿ ಒಡೆದ ಅಂಚನ್ನು ನೋಡಿದ. ಅದರ ಮುಕ್ಕಾಲು ಭಾಗ ಹಳೆಯದಾಗಿ ಮಾಸಿ ಕಪ್ಪಾಗಿತ್ತು. ಹೊಸದಾಗಿ ಹೊಳೆಯುತ್ತಿದ್ದದ್ದು ಒಂದು ಚೂರು ಮಾತ್ರ. ಅಷ್ಟರ ಮೇಲೆ ಅವನು ಹಾರಬೇಕಿತ್ತು.

"ಅಣ್ಣಾ, ನಿಮಗೆ ಗೊತ್ತಿತ್ತಾ?"

ಸೋಸಿ ನೋಡಿದರೂ ಆ ಮಾತಿನಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದಿದ್ದರೆ ನಾನೂ ಜಗಳ ಮಾಡಿ ಪಾರಾಗುತ್ತಿದ್ದೆ. ಗೊತ್ತಿತ್ತು ಎಂದೆ. ಅವನು ತಲೆಯಾಡಿಸಿ, ಶ್ರೀನಿವಾಸಪುರಕ್ಕೆ ಈಗ ಬಸ್ಸು ಎಲ್ಲಿ ಹಿಡಿಯಬೇಕು ಎಂದು ಕೇಳಿದ. ನನ್ನನ್ನಲ್ಲ, ಅವರನ್ನು. "ಬಾ, ಕೋಲಾರದವರೆಗೆ ನಾನೂ ಬರ್ತೀನಿ" ಎಂದು ಅವರು ಕರೆದುಕೊಂಡು ಹೋದರು. ಹೋಗುವಾಗ ಗರಗಸ ವಾಪಸು ಕೊಡುವುದನ್ನು ಮರೆಯಬೇಡ ಎಂದು ನನಗೆ ಹೇಳಿದರು.

ಆಮೇಲೆ ಎರಡು ತಿಂಗಳು ನಾನು ಅವರ ಜೊತೆ ಮಾತು ಬಿಟ್ಟೆ. ಅವರಿಗೆ ಇದು ಗೊತ್ತಾಯಿತೋ ಇಲ್ಲವೋ, ಏಕೆಂದರೆ ಕಾರ್ಖಾನೆಯಲ್ಲಿ ಅರ್ಧ ಜನ ಯಾವಾಗಲೂ ಅವರ ಜೊತೆ ಮಾತು ಬಿಟ್ಟೇ ಇರುತ್ತಿದ್ದರು. ನನ್ನ ಬೆಸುಗೆಯನ್ನು ಎಂದಿನಂತೆಯೇ ನೋಡಿದರು, ತಪ್ಪಿದ್ದಾಗ ಗೆರೆ ಹಾಕಿದರು, ತಪ್ಪಿಲ್ಲದಾಗ ಬಿಟ್ಟರು. ಸೇಡಿಗಾಗಿ ಒಂದಾದರೂ ಗೆರೆ ಹೆಚ್ಚು ಹಾಕಲಿ ಎಂದು ಕಾದೆ. ಅಷ್ಟು ಉಪಕಾರವನ್ನೂ ಅವರು ಮಾಡಲಿಲ್ಲ.

ಕೊನೆಗೆ ಕಪ್ಪಗಿನ ಉಕ್ಕಿನ ಫ್ರೇಮೇ ತರಿಸಿದೆ, ಹೊಸದು. ನಾಚಿಕೆ ಬಿಟ್ಟು ಊಟದ ಹೊತ್ತಿಗೆ ಅವರ ಮೇಜಿನ ಮೇಲಿಟ್ಟೆ. ಹೊಸದೆಂದು ಬಿಡಲಿಲ್ಲ. ಒಂದೊಂದು ಕೀಲಿಗೂ ಭೂತಗನ್ನಡಿ ಹಿಡಿದರು. ಹಿಂದಿನ ಸೀಳುಗಳು ಎರಡೂ ಸಮನಾಗಿವೆಯೇ ಎಂದು ದಾರ ಎಳೆದು ನೋಡಿದರು. ಅವರ ಊಟದ ಹೊತ್ತು ಮುಗಿದುಹೋಯಿತು, ಡಬ್ಬಿ ಬಿಚ್ಚಿರಲಿಲ್ಲ. ಫ್ರೇಮನ್ನು ನನ್ನ ಕಡೆ ತಳ್ಳಿದರು.

"ಏನೂ ಹೇಳಲ್ವಾ ಸಾರ್?"

"ಏನೂ ಇಲ್ಲದಿದ್ದಕ್ಕೆ ಏನ್ ಹೇಳ್ಲಿ?"

ಅದರ ಫೋಟೋವನ್ನು ನಾಗೇಶನಿಗೆ ಕಳಿಸಿ, ನಿನಗೂ ಇಂಥದ್ದೇ ಒಂದು ಹುಡುಕಿಕೊಡುತ್ತೇನೆ ಎಂದು ಬರೆದೆ. ವಾರ ಕಳೆದ ಮೇಲೆ ಉತ್ತರ ಬಂತು: ಸ್ಟಿಕ್ಕರ್ ಇಲ್ಲದ್ದು ಹುಡುಕಿ ಅಣ್ಣಾ. ಈಗ ಅವನು ತಿಂಗಳಿಗೊಂದು ಭಾನುವಾರ ನಮ್ಮ ಗುಂಡಿಗೆ ಬರುತ್ತಾನೆ. ಹಲ್ಲು ಎಲ್ಲ ಇವೆ. ಮದುವೆಯ ಫೋಟೋ ಚೆನ್ನಾಗಿ ಬಂದಿದೆ.

ಬೀಳ್ಕೊಡುಗೆಯ ದಿನ, ಸಮಾರಂಭ ಮುಗಿದ ಮೇಲೆ ಮ್ಯಾನೇಜರು ಕೊಟ್ಟ ಹಣ್ಣಿನ ಬುಟ್ಟಿ ಹೊತ್ತುಕೊಂಡು ನಾನು ಅವರನ್ನು ಬಸ್ ಸ್ಟಾಪಿನವರೆಗೆ ಬಿಡಲು ಹೋದೆ. ಇಷ್ಟು ದಿನ ಕೇಳದೆ ಇಟ್ಟುಕೊಂಡದ್ದನ್ನು ಕೇಳಿದೆ.

"ಅವತ್ತು ನೀವೇ ಕತ್ತರಿಸಬಹುದಿತ್ತಲ್ಲ ಸಾರ್. ಅಷ್ಟು ಜನದ ಮುಂದೆ ನನ್ನ ಕೈಲೇ ಯಾಕೆ ಮಾಡಿಸಿದ್ರಿ?"

ಬಸ್ಸು ಬರುವ ಕಡೆಯೇ ನೋಡುತ್ತಾ ಅವರು ಹೇಳಿದರು. "ನಾನು ಕತ್ತರಿಸಿದ್ರೆ ಜೀವ ಇರೋತನಕ ನನ್ನ ಬೈಕೊಂಡಿರ್ತಿದ್ದೆ. ನೀನೇ ಕತ್ತರಿಸಿದ್ದಕ್ಕೆ ಎರಡು ತಿಂಗಳಲ್ಲಿ ಮುಗೀತು."

ಹಾಗಾದರೆ ನಾನು ಮಾತು ಬಿಟ್ಟದ್ದು ಅವರಿಗೆ ಗೊತ್ತಾಗಿತ್ತು, ದಿನ ಲೆಕ್ಕವಿಟ್ಟೂ ಇದ್ದರು. ಅಷ್ಟರಲ್ಲಿ ಕೋಲಾರದ ಬಸ್ಸು ಬಂತು. ಕುತ್ತಿಗೆಯ ಹಾರ ತೆಗೆದು ನನ್ನ ಕೈಗೆ ಕೊಟ್ಟರು. ಬುಟ್ಟಿಯಲ್ಲಿದ್ದ ಸೇಬುಗಳನ್ನು ಒಂದೊಂದಾಗಿ ತಿರುಗಿಸಿ ನೋಡಿ, ಅಡಿಯಲ್ಲಿ ಕೊಳೆತ ಎರಡನ್ನು ಆರಿಸಿ ನನ್ನ ಕೈಗಿಟ್ಟು, "ಇವನ್ನ ಮ್ಯಾನೇಜರಿಗೆ ವಾಪಸ್ ಕೊಡು" ಎಂದು ಹೇಳಿ ಬಸ್ಸು ಹತ್ತಿದರು.

ಕೊಟ್ಟೆ.